ಡಿಸ್ನಿ ವರ್ಲ್ಡ್‌ಗೆ ಹೊರಟ ಮೈಸೂರಿಗರಿಗೆ: ಬೆಳಗಿನ ಅರ್ಧ ಗಂಟೆ ಮತ್ತು ರೈಡ್ ಬುಕಿಂಗಿನ ಲೆಕ್ಕ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ಮೈಸೂರಿನಲ್ಲಿ ಈಗ ಬೀದಿಗೆ ನಾಲ್ಕು ಸಿಗುತ್ತವೆ. ಮೊಮ್ಮಕ್ಕಳ ರಜೆಗೆ ಹೊಂದಿಸಿಕೊಂಡು ಅಲ್ಲಿಗೆ ಹೊರಡುವವರು ಫ್ಲಾರಿಡಾದ ಆರ್ಲ್ಯಾಂಡೊದಲ್ಲಿರುವ ಡಿಸ್ನಿ ವರ್ಲ್ಡ್ ಎಂಬ ಮನೋರಂಜನಾ ತಾಣಕ್ಕೆ ಹೋಗುವ ಯೋಜನೆಯನ್ನೂ ಜೊತೆಯಲ್ಲೇ ಹಾಕಿಕೊಳ್ಳುತ್ತಾರೆ. ಅವರೆಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹೋಟೆಲಿನವರು ಹೇಳುವ ‘ಅರ್ಲಿ ಎಂಟ್ರಿ’ಯಿಂದ, ಅಂದರೆ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಸಿಗುವ ಪ್ರವೇಶದಿಂದ, ಏನು ಪ್ರಯೋಜನ, ರೈಡುಗಳಿಗೆ ಮುಂಗಡ ಬುಕಿಂಗ್ ಮಾಡಲೇಬೇಕೆ, ಎರಡಕ್ಕೂ ಹಣ ಕೊಟ್ಟಮೇಲೂ ಬಿಸಿಲಿನಲ್ಲಿ ಒಂದೂವರೆ ಗಂಟೆ ನಿಲ್ಲಬೇಕಾಗುವುದೇಕೆ?

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರಿಸುತ್ತೇನೆ, ಏಕೆಂದರೆ ಮುಂದಿನ ಹಂತಗಳೆಲ್ಲ ಅದರ ಮೇಲೆಯೇ ನಿಂತಿವೆ. ಹೆಚ್ಚಿನವರು ಬೆಳಗಿನ ಅರ್ಧ ಗಂಟೆಯನ್ನೂ ಮುಂಗಡ ಬುಕಿಂಗನ್ನೂ ಒಂದೇ ರೈಡಿಗೆ ಸುರಿದುಬಿಡುತ್ತಾರೆ. ಬೆಳಿಗ್ಗೆ ಓಡಿ ಹತ್ತಬಹುದಾದ ರೈಡಿಗೆ ಬುಕಿಂಗ್ ಮಾಡಿಸಿಕೊಂಡಿರುತ್ತಾರೆ. ಮಧ್ಯಾಹ್ನ ಸಾಲು ಬೆಳೆಯುವ ರೈಡಿಗೆ ಏನನ್ನೂ ಉಳಿಸಿಕೊಂಡಿರುವುದಿಲ್ಲ. ಬೆಳಗಿನ ಸಮಯ ಒಂದು ರೈಡಿಗೆ, ಬುಕಿಂಗ್ ಬೇರೊಂದು ರೈಡಿಗೆ ಎಂದು ಪಾಲು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ತಿಳಿದಿರಬೇಕಾದ ಮಾತುಗಳು

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಧರ್ಮದರ್ಶನದ ಸಾಲು, ಇನ್ನೊಂದು ಕಡೆ ಟಿಕೆಟ್ ಕೊಂಡವರ ಸಾಲು, ಒಳಗೆ ಒಂದು ಹಂತದಲ್ಲಿ ಎರಡೂ ಸೇರುತ್ತವೆ. ಡಿಸ್ನಿಯಲ್ಲಿ ಧರ್ಮದರ್ಶನದ ಸಾಲಿಗೆ ‘ಸ್ಟ್ಯಾಂಡ್‌ಬೈ’ ಎನ್ನುತ್ತಾರೆ, ಹಣ ಕೊಟ್ಟವರ ಸಾಲಿಗೆ ‘ಲೈಟ್ನಿಂಗ್ ಲೇನ್’ ಎನ್ನುತ್ತಾರೆ. ಎರಡು ಸಾಲೂ ಸೇರುವಲ್ಲಿ ನಿಂತ ಸಿಬ್ಬಂದಿ ಲೈಟ್ನಿಂಗ್ ಲೇನ್‌ನಿಂದ ಹೆಚ್ಚು ಜನರನ್ನೂ ಸ್ಟ್ಯಾಂಡ್‌ಬೈನಿಂದ ಕಡಿಮೆ ಜನರನ್ನೂ ಬಿಡುತ್ತಾರೆ. ಮಧ್ಯಾಹ್ನ ಸ್ಟ್ಯಾಂಡ್‌ಬೈ ಸಾಲು ಅಲುಗಾಡದೆ ನಿಂತಂತೆ ಕಾಣುವುದಕ್ಕೆ ಕಾರಣ ಇದೇ.

ನಮ್ಮ ದೇವಸ್ಥಾನದ ಟಿಕೆಟಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ಹೊತ್ತು. ಲೈಟ್ನಿಂಗ್ ಲೇನ್ ಕೊಂಡವರಿಗೆ ಪ್ರತಿ ರೈಡಿಗೂ ಒಂದು ಗಂಟೆಯ ಅವಧಿ ಗೊತ್ತಾಗುತ್ತದೆ. ಆ ಒಂದು ಗಂಟೆಯೊಳಗೆ ಬಂದರಷ್ಟೇ ಒಳಗೆ ಬಿಡುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಹಲವು ರೈಡುಗಳಿಗೆ ಸೇರಿ ಒಂದೇ ಪಾಸ್ ಇರುವುದು ‘ಮಲ್ಟಿ ಪಾಸ್’. ಅತ್ಯಂತ ಬೇಡಿಕೆಯ ಒಂದೊಂದು ರೈಡಿಗೆ ಬಿಡಿಯಾಗಿ ಕೊಳ್ಳುವುದು ‘ಸಿಂಗಲ್ ಪಾಸ್’. ಹಳೆಯ ಪ್ರವಾಸ ಬರಹಗಳಲ್ಲಿ ಬೇರೆ ಹೆಸರುಗಳು ಕಂಡರೆ ಗಾಬರಿಯಾಗಬೇಡಿ. 1999ರಲ್ಲಿ ಆರಂಭವಾದ ಉಚಿತ ‘ಫಾಸ್ಟ್‌ಪಾಸ್’ ನಿಂತುಹೋಗಿ 2021ರಲ್ಲಿ ಹಣ ಕೊಡಬೇಕಾದ ‘ಜೀನಿ ಪ್ಲಸ್’ ಬಂತು. 2024ರ ಜುಲೈನಲ್ಲಿ ಅದೂ ಹೋಗಿ ಈಗಿನ ಹೆಸರುಗಳು ಬಂದವು. ಫಾಸ್ಟ್‌ಪಾಸ್ ಪುಕ್ಕಟೆ ಸಿಗುತ್ತದೆ ಎಂದು ಹತ್ತು ವರ್ಷದ ಹಿಂದೆ ಹೋಗಿಬಂದ ಬಂಧುಗಳು ಹೇಳಿದರೆ ಅವರ ಮಾತು ಸುಳ್ಳಲ್ಲ, ಹಳೆಯದು ಅಷ್ಟೇ.

‘ಅರ್ಲಿ ಎಂಟ್ರಿ’ ಎಂದರೆ ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ, ಮತ್ತು ಗೊತ್ತುಪಡಿಸಿದ ಇನ್ನು ಕೆಲವು ಹೋಟೆಲುಗಳಲ್ಲಿ ತಂಗಿದವರಿಗೆ ನಾಲ್ಕೂ ಪಾರ್ಕುಗಳಲ್ಲಿ ಪ್ರತಿದಿನವೂ 30 ನಿಮಿಷ ಮೊದಲೇ ಸಿಗುವ ಪ್ರವೇಶ. ನಾಲ್ಕು ಪಾರ್ಕುಗಳೆಂದರೆ 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್ ಮತ್ತು 1998ರ ಆನಿಮಲ್ ಕಿಂಗ್‌ಡಮ್. ಇವು ಒಂದೇ ಆವರಣದಲ್ಲಿಲ್ಲ; ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗಬೇಕಾದಷ್ಟು ದೂರವಿದೆ. ಒಂದು ದಿನಕ್ಕೆ ಒಂದೇ ಪಾರ್ಕ್ ಎಂದು ಗೊತ್ತುಮಾಡಿಕೊಳ್ಳಿ. ಒಂದೇ ದಿನ ಹಲವು ಪಾರ್ಕ್ ನೋಡುವ ‘ಪಾರ್ಕ್ ಹಾಪರ್’ ಟಿಕೆಟ್ ಮೊದಲ ಬಾರಿಗೆ ಹೋಗುವ ಕುಟುಂಬಕ್ಕೆ ದಂಡ ಎಂಬುದು ನನ್ನ ಅಭಿಪ್ರಾಯ.

ಹಂತ 1: ಹೋಟೆಲನ್ನು ಆರಿಸುವುದು

ಇಡೀ ಯೋಜನೆ ಇಲ್ಲಿಯೇ ತೀರ್ಮಾನವಾಗುತ್ತದೆ. ಡಿಸ್ನಿ ಹೋಟೆಲಿನಲ್ಲಿ ತಂಗಿದವರು ಹೋಟೆಲಿಗೆ ಬರುವ ದಿನಕ್ಕಿಂತ 7 ದಿನ ಮೊದಲೇ ತಮ್ಮ ವಾಸದ ಎಲ್ಲ ದಿನಗಳಿಗೂ, 14 ದಿನಗಳವರೆಗೆ, ಲೈಟ್ನಿಂಗ್ ಲೇನ್ ಬುಕ್ ಮಾಡಬಹುದು. ಹೊರಗಿನ ಹೋಟೆಲಿನಲ್ಲೋ ಬಂಧುಗಳ ಮನೆಯಲ್ಲೋ ಇರುವವರಿಗೆ ಪಾರ್ಕಿಗೆ ಹೋಗುವ ದಿನಕ್ಕಿಂತ 3 ದಿನ ಮೊದಲಷ್ಟೇ ಅವಕಾಶ. ನಾಲ್ಕು ದಿನ ಪಾರ್ಕಿಗೆ ಹೋಗುವುದಾದರೆ ನಾಲ್ಕು ಬಾರಿ ಕೂರಬೇಕು. ಜನಪ್ರಿಯ ರೈಡುಗಳ ಒಳ್ಳೆಯ ಹೊತ್ತುಗಳು 7 ದಿನದವರ ಪಾಲಾಗಿ ಉಳಿದದ್ದು 3 ದಿನದವರಿಗೆ ಸಿಗುತ್ತದೆ.

ಹಾಗೆಂದು ಎಲ್ಲ ರಾತ್ರಿಯೂ ಡಿಸ್ನಿ ಹೋಟೆಲಿನಲ್ಲೇ ಕಳೆಯಬೇಕಾಗಿಲ್ಲ. ಅರ್ಲಿ ಎಂಟ್ರಿಯ ಸೌಲಭ್ಯ ಹೋಟೆಲಿಗೆ ಬರುವ ದಿನಕ್ಕೂ ಬಿಡುವ ದಿನಕ್ಕೂ ಅನ್ವಯಿಸುತ್ತದೆ. ಕೋಣೆ ಸಂಜೆ ಸಿಕ್ಕರೂ ಆ ದಿನ ಬೆಳಿಗ್ಗೆಯೇ ಅದನ್ನು ಬಳಸಬಹುದು. ಆದ್ದರಿಂದ ಒಂದು ರಾತ್ರಿಯ ಬಾಡಿಗೆಗೆ ಎರಡು ಬೆಳಗು ದಕ್ಕುತ್ತವೆ. ಆಲ್ ಸ್ಟಾರ್ ಹೆಸರಿನ ಮೂರು ಹೋಟೆಲುಗಳು ಡಿಸ್ನಿಯ ಅಗ್ಗದ ದರ್ಜೆಯವು. ಮಲಗಲು ಒಂದು ಹಾಸಿಗೆ ಸಾಕೆನ್ನುವವರಿಗೆ ಅಲ್ಲಿ ಒಂದು ಅಥವಾ ಎರಡು ರಾತ್ರಿ ತಂಗಿ, ಅತಿ ಜನಜಂಗುಳಿಯ ಎರಡು ಪಾರ್ಕುಗಳನ್ನು ಆ ದಿನಗಳಿಗೆ ಇಟ್ಟುಕೊಳ್ಳುವುದು ಲಾಭದಾಯಕ.

ಎಚ್ಚರಿಕೆ: ‘ಡಿಸ್ನಿಗೆ ಹತ್ತಿರ’ ಎಂದು ಜಾಹೀರಾತು ಕೊಡುವ ಎಲ್ಲ ಹೋಟೆಲುಗಳಿಗೂ ಈ ಸೌಲಭ್ಯ ಇರುವುದಿಲ್ಲ. ಅರ್ಲಿ ಎಂಟ್ರಿ ಉಂಟೆ, 7 ದಿನದ ಬುಕಿಂಗ್ ಉಂಟೆ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 2: ಟಿಕೆಟ್, ಆ್ಯಪ್, ಕಾರ್ಡ್

‘ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್’ ಎಂಬ ಆ್ಯಪ್‌ನಲ್ಲಿ ಖಾತೆ ತೆರೆದು ಕುಟುಂಬದ ಎಲ್ಲರ ಹೆಸರನ್ನೂ ಟಿಕೆಟನ್ನೂ ಹೋಟೆಲ್ ಬುಕಿಂಗನ್ನೂ ಅದಕ್ಕೆ ಜೋಡಿಸಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. 3ರಿಂದ 9 ವರ್ಷದವರಿಗೆ ಮಕ್ಕಳ ಟಿಕೆಟ್, 10 ತುಂಬಿದರೆ ದೊಡ್ಡವರ ಟಿಕೆಟ್. ಒಂದು ದಿನದ ಟಿಕೆಟ್ ತಲೆಗೆ 100 ಡಾಲರಿಗಿಂತ ಮೇಲೆಯೇ ಇರುತ್ತದೆ. ಲೈಟ್ನಿಂಗ್ ಲೇನ್‌ನ ಬೆಲೆ ಇದಕ್ಕೆ ಸೇರಿಲ್ಲ. ಅದು ದಿನ ನೋಡಿ, ಪಾರ್ಕ್ ನೋಡಿ ಬದಲಾಗುತ್ತದೆ. ದಿನಾಂಕ ನಮೂದಿಸಿದ ಸಾಮಾನ್ಯ ಟಿಕೆಟಿಗೆ ಪಾರ್ಕಿನ ಪ್ರವೇಶವನ್ನು ಪ್ರತ್ಯೇಕವಾಗಿ ಕಾಯ್ದಿರಿಸುವ ನಿಯಮ 2024ರ ಜನವರಿಯಲ್ಲಿ ತೆಗೆದುಹಾಕಲ್ಪಟ್ಟಿತು, ಹಾಗಾಗಿ ಅದರ ಚಿಂತೆ ಬೇಡ.

ಟಿಕೆಟ್ ಜೋಡಣೆಯಾಗದೆ ರೈಡ್ ಬುಕಿಂಗ್ ತೆರೆಯುವುದಿಲ್ಲ. ಬುಕಿಂಗಿನ ದಿನವೇ ಟಿಕೆಟ್ ಕೊಳ್ಳುತ್ತೇನೆಂದು ಕೂತವರು ಸಾಮಾನ್ಯವಾಗಿ ಕೈಸುಟ್ಟುಕೊಳ್ಳುತ್ತಾರೆ. ಇಲ್ಲಿಂದಲೇ ಹಣ ಕಟ್ಟುವವರು ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಮೊದಲೇ ತೆರೆದು, ಸಣ್ಣ ಮೊತ್ತವೊಂದನ್ನು ಪಾವತಿಸಿ ಪರೀಕ್ಷಿಸಿಕೊಳ್ಳಿ. ಅಮೆರಿಕದಲ್ಲಿ ಇಳಿದ ಮೇಲೆ ಕಾರ್ಡ್ ಬಳಸುವವರು ಭಾರತದ ಸಿಮ್ ಅನ್ನು ಕಳಚಿಟ್ಟುಬಿಟ್ಟರೆ ಒಟಿಪಿ ಬರುವುದಿಲ್ಲ ಎಂಬುದು ನೆನಪಿರಲಿ.

ಮಕ್ಕಳ ಎತ್ತರವನ್ನೂ ಇದೇ ಹಂತದಲ್ಲಿ ಅಳೆಯಬೇಕು. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಮತ್ತು ಸ್ಲಿಂಕಿ ಡಾಗ್ ಡ್ಯಾಶ್ ರೈಡುಗಳಿಗೆ ಕನಿಷ್ಠ 97 ಸೆಂಟಿಮೀಟರ್, ರೈಸ್ ಆಫ್ ದ ರೆಸಿಸ್ಟೆನ್ಸ್‌ಗೆ 102, ಕಾಸ್ಮಿಕ್ ರಿವೈಂಡ್‌ಗೆ 107, ಫ್ಲೈಟ್ ಆಫ್ ಪ್ಯಾಸೇಜ್‌ಗೆ 112, ಟ್ರಾನ್‌ಗೆ 122. ಬಾಗಿಲ ಚೌಕಟ್ಟಿಗೆ ಮಗುವನ್ನು ಒರಗಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಅಜ್ಜಿಯ ಅಂದಾಜನ್ನು ನಂಬಬೇಡಿ. ಎತ್ತರ ಸಾಲದ ಮಗು ಇದ್ದರೆ ‘ರೈಡರ್ ಸ್ವಿಚ್’ ಕೇಳಬಹುದು. ಒಬ್ಬರು ಮಗುವಿನೊಂದಿಗೆ ಹೊರಗೆ ನಿಲ್ಲುತ್ತಾರೆ, ಉಳಿದವರು ಹತ್ತಿ ಬಂದ ಮೇಲೆ ಹೊರಗಿದ್ದವರು ಮತ್ತೆ ದೊಡ್ಡ ಸಾಲು ನಿಲ್ಲದೆ ಲೈಟ್ನಿಂಗ್ ಲೇನ್ ಮೂಲಕ ಹೋಗುತ್ತಾರೆ. ಇದಕ್ಕೆ ಹಣವಿಲ್ಲ, ಆದರೆ ರೈಡಿನ ಬಾಗಿಲಲ್ಲಿ ನಿಂತ ಸಿಬ್ಬಂದಿಯನ್ನು ನೀವೇ ಕೇಳಬೇಕು.

ಹಂತ 3: ಬುಕಿಂಗ್ ತೆರೆಯುವ ಗಳಿಗೆ

ಬುಕಿಂಗ್ ತೆರೆಯುವುದು ಅಮೆರಿಕದ ಪೂರ್ವ ಭಾಗದ ಸಮಯ ಬೆಳಿಗ್ಗೆ 7ಕ್ಕೆ. ಮೈಸೂರಿನಲ್ಲಿ ಆಗ ಬೇಸಿಗೆಯ ಲೆಕ್ಕದಲ್ಲಿ ಸಂಜೆ 4.30, ಚಳಿಗಾಲದ ಲೆಕ್ಕದಲ್ಲಿ 5.30. ಅಮೆರಿಕದವರು ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ಒಂದು ನವೆಂಬರಿನಲ್ಲಿ ಇದನ್ನು ಮರೆತು ನಾಲ್ಕೂವರೆಗೆ ಆ್ಯಪ್ ತೆರೆದು ಕೂತಿದ್ದ ನಾನು, ಏನೂ ಕಾಣದೆ ಬೇಸತ್ತು ದೇವರಾಜ ಮಾರುಕಟ್ಟೆಗೆ ಹೊರಟುಹೋಗಿದ್ದೆ. ಹಿಂತಿರುಗುವಷ್ಟರಲ್ಲಿ ಬುಕಿಂಗ್ ತೆರೆದು ಒಂದು ಗಂಟೆಯಾಗಿತ್ತು; ಬೇಕಾಗಿದ್ದ ರೈಡಿಗೆ ರಾತ್ರಿಯ ಹೊತ್ತು ಮಾತ್ರ ಉಳಿದಿತ್ತು.

ಮಲ್ಟಿ ಪಾಸ್‌ನಲ್ಲಿ ಒಂದು ದಿನಕ್ಕೆ, ಒಂದೇ ಪಾರ್ಕಿನಲ್ಲಿ, ಮೂರು ರೈಡುಗಳನ್ನು ಮುಂಗಡವಾಗಿ ಆರಿಸಬಹುದು. ಆನಿಮಲ್ ಕಿಂಗ್‌ಡಮ್ ಬಿಟ್ಟು ಉಳಿದ ಮೂರು ಪಾರ್ಕುಗಳಲ್ಲಿ ರೈಡುಗಳನ್ನು ಎರಡು ಗುಂಪು ಮಾಡಿದ್ದಾರೆ. ಬೇಡಿಕೆ ಹೆಚ್ಚಿರುವ ಗುಂಪಿನಿಂದ ಒಂದು, ಉಳಿದ ಗುಂಪಿನಿಂದ ಎರಡು. ಈ ಮೂರರಲ್ಲಿ ಮೊದಲನೆಯದನ್ನು ಬಳಸಿ ಒಳಹೊಕ್ಕ ಕೂಡಲೇ ಮತ್ತೊಂದನ್ನು ಬುಕ್ ಮಾಡಲು ಅವಕಾಶ ತೆರೆಯುತ್ತದೆ, ಆಗ ಗುಂಪಿನ ಕಟ್ಟುಪಾಡೂ ಇರುವುದಿಲ್ಲ. ದಿನವಿಡೀ ಒಂದು ಬಳಸಿದಂತೆ ಒಂದು ಹೊಸದನ್ನು ಪಡೆಯುತ್ತಾ ಹೋಗಬಹುದು. ಒಂದು ರೈಡಿಗೆ ಒಂದು ದಿನದಲ್ಲಿ ಒಮ್ಮೆ ಮಾತ್ರ.

ಜನ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಬೆಳಿಗ್ಗೆ ಹೇಗೂ ಸಾಲು ಇರುವುದಿಲ್ಲವಲ್ಲ ಎಂಬ ಸರಿಯಾದ ತರ್ಕದಿಂದ ಹೊರಟು ಮೂರೂ ಬುಕಿಂಗುಗಳನ್ನು ಸಂಜೆಗೆ ಇಟ್ಟುಕೊಳ್ಳುತ್ತಾರೆ. ಮೊದಲನೆಯದು ಸಂಜೆ ನಾಲ್ಕಕ್ಕೆ ಇದ್ದರೆ ನಾಲ್ಕನೆಯ ರೈಡಿನ ಬಾಗಿಲು ತೆರೆಯುವುದೂ ನಾಲ್ಕರ ಮೇಲೆಯೇ. ಅಷ್ಟರಲ್ಲಿ ಒಳ್ಳೆಯವೆಲ್ಲ ಮುಗಿದಿರುತ್ತವೆ. ಆದ್ದರಿಂದ ಮೂರರಲ್ಲಿ ಒಂದನ್ನು, ಅದು ಸಾಧಾರಣ ರೈಡಾದರೂ ಚಿಂತೆಯಿಲ್ಲ, ಪಾರ್ಕ್ ತೆರೆದ ಒಂದು ಗಂಟೆಯ ಆಸುಪಾಸಿಗೆ ಇಟ್ಟುಕೊಳ್ಳಿ. ಅದು ಮುಂದಿನ ಬುಕಿಂಗುಗಳಿಗೆ ಕೀಲಿಕೈ. ಉಳಿದ ಎರಡನ್ನು ಹನ್ನೊಂದರಿಂದ ಮೂರರ ನಡುವೆ, ಸ್ಟ್ಯಾಂಡ್‌ಬೈ ಸಾಲು ಅತಿ ಉದ್ದವಿರುವ ಹೊತ್ತಿಗೆ ಇಡಿ. ಆ್ಯಪ್ ತಾನಾಗಿ ತೋರಿಸುವ ಹೊತ್ತನ್ನು ಒಪ್ಪಿಕೊಂಡುಬಿಡಬೇಡಿ; ಬದಲಿಸಲು ಅವಕಾಶವಿದೆ, ಹಣ ಕಟ್ಟಿದ ಮೇಲೂ ಮತ್ತೆ ಮತ್ತೆ ತೆರೆದು ನೋಡಿದರೆ ಬೇರೆಯವರು ಬಿಟ್ಟುಕೊಟ್ಟ ಹೊತ್ತು ಕಾಣಿಸುವುದುಂಟು.

ಸಿಂಗಲ್ ಪಾಸ್ ಬೇಕೆ ಎಂದರೆ, ಅರ್ಲಿ ಎಂಟ್ರಿ ಇರುವವರು ಮೊದಲು ಕೊಳ್ಳದೆ ಪ್ರಯತ್ನಿಸಿ ಎನ್ನುತ್ತೇನೆ. ಅದು ಇಲ್ಲದವರು, ಅದರಲ್ಲೂ ವಯಸ್ಸಾದವರನ್ನು ಕರೆದೊಯ್ಯುವವರು, ಒಂದಕ್ಕಾದರೂ ಹಣ ಕೊಡುವುದು ವಾಸಿ.

ಹಂತ 4: ಯಾವ ಪಾರ್ಕಿನಲ್ಲಿ ಬೆಳಗನ್ನು ಯಾವುದಕ್ಕೆ ಕೊಡಬೇಕು

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅರ್ಲಿ ಎಂಟ್ರಿಯ ಹೊತ್ತಿನಲ್ಲಿ ಫ್ಯಾಂಟಸಿಲ್ಯಾಂಡ್ ಮತ್ತು ಟುಮಾರೊಲ್ಯಾಂಡ್ ಎಂಬ ಎರಡು ವಿಭಾಗಗಳು ಮಾತ್ರ ತೆರೆದಿರುತ್ತವೆ. ಮಕ್ಕಳಿದ್ದರೆ ನೇರವಾಗಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ ನಡೆಯಿರಿ, ಇಳಿದ ಕೂಡಲೇ ಅದೇ ವಿಭಾಗದ ಪೀಟರ್ ಪ್ಯಾನ್ಸ್ ಫ್ಲೈಟ್‌ಗೆ. ಪೀಟರ್ ಪ್ಯಾನ್ 1971ರ ಹಳೆಯ ರೈಡ್. ಒಂದು ದೋಣಿಯಲ್ಲಿ ಕೂರುವವರು ಕಡಿಮೆ, ಆದ್ದರಿಂದ ಗಂಟೆಗೆ ಸಾಗುವ ಜನರೂ ಕಡಿಮೆ, ಸಾಲು ಮಾತ್ರ ದಿನವಿಡೀ ಕರಗುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಹಾಂಟೆಡ್ ಮ್ಯಾನ್ಷನ್‌ನಲ್ಲಿ ಗಾಡಿಗಳು ನಿಲ್ಲದೆ ಸರಪಳಿಯಂತೆ ಸಾಗುತ್ತಿರುತ್ತವೆ, ಸಾಲು ಉದ್ದವಿದ್ದರೂ ಬೇಗ ಸರಿಯುತ್ತದೆ. ಸಾಲಿನ ಉದ್ದವನ್ನು ನೋಡದೆ ಸರಿಯುವ ವೇಗವನ್ನು ನೋಡಿ ಬುಕಿಂಗ್ ಆರಿಸಬೇಕೆನ್ನುವುದು ಇದಕ್ಕೇ.

ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಸ್ಲಿಂಕಿ ಡಾಗ್ ಡ್ಯಾಶ್‌ಗೆ ಮಲ್ಟಿ ಪಾಸ್ ಬುಕ್ ಮಾಡಿಕೊಂಡು ಬೆಳಿಗ್ಗೆ ರೈಸ್ ಆಫ್ ದ ರೆಸಿಸ್ಟೆನ್ಸ್‌ಗೆ ಹೋಗುವುದು ಒಂದು ದಾರಿ. ಆದರೆ ರೈಸ್ ಜಟಿಲವಾದ ಯಂತ್ರವ್ಯವಸ್ಥೆಯ ರೈಡ್, ಬೆಳಿಗ್ಗೆ ಕೆಟ್ಟು ನಿಲ್ಲುವುದೂ ಉಂಟು. ಹತ್ತು ನಿಮಿಷ ಕಾದರೂ ತೆರೆಯದಿದ್ದರೆ ಹಟ ಹಿಡಿಯದೆ ಬೇರೆ ಕಡೆ ತಿರುಗಿ. ಎಪ್ಕಾಟ್‌ಗೆ ಎರಡು ಬಾಗಿಲುಗಳಿವೆ. ರೆಮೀಸ್ ರಾಟಟೂಯಿ ಅಡ್ವೆಂಚರ್ ಹಿಂಬದಿಯ ಇಂಟರ್‌ನ್ಯಾಷನಲ್ ಗೇಟ್‌ವೇಗೆ ಹತ್ತಿರ, ಕಾಸ್ಮಿಕ್ ರಿವೈಂಡ್ ಮುಂಬಾಗಿಲಿಗೆ ಹತ್ತಿರ. ಆನಿಮಲ್ ಕಿಂಗ್‌ಡಮ್‌ನಲ್ಲಿ ಬೆಳಗಿನ ಹೊತ್ತು ಫ್ಲೈಟ್ ಆಫ್ ಪ್ಯಾಸೇಜ್‌ಗೆ ಮೀಸಲು. ಕಿಲಿಮಂಜಾರೊ ಸಫಾರಿ ಅರ್ಲಿ ಎಂಟ್ರಿಯಲ್ಲಿ ತೆರೆದಿರುವುದಿಲ್ಲ. ಬಿಸಿಲೇರುವ ಮುನ್ನ ಪ್ರಾಣಿಗಳು ಓಡಾಡುತ್ತಿರುತ್ತವೆಂಬುದು ನಮ್ಮ ಮೃಗಾಲಯಕ್ಕೆ ಬೆಳಿಗ್ಗೆ ಹೋದವರಿಗೆ ಗೊತ್ತಿರುವ ವಿಷಯವೇ. ಹಾಗಾಗಿ ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ.

ಹಂತ 5: ಆ ದಿನ ಬೆಳಿಗ್ಗೆ

ಪಾರ್ಕ್ ಒಂಬತ್ತಕ್ಕೆ ತೆರೆಯುವುದಾದರೆ ಅರ್ಲಿ ಎಂಟ್ರಿ ಎಂಟೂವರೆಗೆ, ನೀವು ಬಾಗಿಲ ಮುಂದೆ ಇರಬೇಕಾದದ್ದು ಎಂಟಕ್ಕೆ ಮೊದಲು. ಎಂಟೂವರೆಗೆ ಸರಿಯಾಗಿ ಬಂದವರಿಗೆ ಆ ಅರ್ಧ ಗಂಟೆ ತಪಾಸಣೆಯ ಸಾಲಿನಲ್ಲೇ ಮುಗಿದುಹೋಗುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋಗುವವರು ಇನ್ನೂ ಅರ್ಧ ಗಂಟೆ ಮೊದಲು ಹೊರಡಬೇಕು. ಕಾರು ನಿಲ್ಲಿಸುವ ಜಾಗಕ್ಕೂ ಪಾರ್ಕಿನ ಬಾಗಿಲಿಗೂ ನಡುವೆ ಒಂದು ಕೆರೆ ಇದೆ, ಅದನ್ನು ಮಾನೋರೈಲಿನಲ್ಲಿ ಇಲ್ಲವೇ ದೋಣಿಯಲ್ಲಿ ದಾಟಬೇಕು. ಡಿಸ್ನಿ ಹೋಟೆಲಿನ ಬಸ್ಸು ಬಾಗಿಲ ಬಳಿಯೇ ಇಳಿಸುತ್ತದೆ.

ಭಾರತದಿಂದ ಹೋದ ಮೊದಲ ದಿನಗಳಲ್ಲಿ ನಡುರಾತ್ರಿ ಮೂರಕ್ಕೆ ಎಚ್ಚರವಾಗಿ ಸೂರು ನೋಡುತ್ತ ಮಲಗಿರುವುದು ಎಲ್ಲರ ಪಾಡು. ಜೆಟ್ ಲ್ಯಾಗ್ ಎಂದು ಶಪಿಸುವ ಆ ಸ್ಥಿತಿ ಅರ್ಲಿ ಎಂಟ್ರಿಗೆ ಹೇಳಿಮಾಡಿಸಿದ್ದು. ಆದ್ದರಿಂದ ಪಾರ್ಕಿನ ದಿನಗಳನ್ನು ಪ್ರವಾಸದ ಆರಂಭದಲ್ಲೇ ಇಟ್ಟುಕೊಂಡು, ಮಧ್ಯಾಹ್ನ ಎರಡಕ್ಕೆ ಕೋಣೆಗೆ ಮರಳಿ ನಿದ್ದೆ ಮಾಡುವ ಏರ್ಪಾಡು ಮಾಡಿಕೊಂಡರೆ ಹಿರಿಯರಿಗೆ ಆಯಾಸ ಕಡಿಮೆ.

ಹೊರಗಿನ ಆಹಾರವನ್ನು ಒಳಗೆ ಬಿಡುತ್ತಾರೆ. ಗಾಜಿನ ಸೀಸೆ ಮತ್ತು ಮದ್ಯ ಕೂಡದು. ಹಿಂದಿನ ರಾತ್ರಿ ಮಾಡಿಟ್ಟ ಚಪಾತಿ, ಪುಳಿಯೋಗರೆ ಚೀಲದಲ್ಲಿದ್ದರೆ ಸಸ್ಯಾಹಾರಿಗಳಿಗೆ ಊಟದ ಸಾಲಿನಲ್ಲಿ ಹೊತ್ತು ಕಳೆಯುವ ಗೋಜಿಲ್ಲ. ಕೌಂಟರಿನ ಉಪಾಹಾರ ಗೃಹಗಳಲ್ಲಿ ಒಂದು ಲೋಟ ತಣ್ಣೀರು ಕೇಳಿದರೆ ಉಚಿತವಾಗಿ ಕೊಡುತ್ತಾರೆ, ನೀರಿನ ಬಾಟಲಿಗೆ ಡಾಲರ್ ಸುರಿಯಬೇಡಿ.

ಹಂತ 6: ಬುಕಿಂಗ್ ಬಳಸುವುದು, ಕೆಟ್ಟಾಗ ಸಂಭಾಳಿಸುವುದು

ರೈಡಿನ ಬಾಗಿಲಲ್ಲಿ ಸೊಂಟದೆತ್ತರದ ಕಂಬವೊಂದಿರುತ್ತದೆ, ಅದರ ಮುಖದ ಮೇಲೆ ಮಿಕ್ಕಿ ಮೌಸ್‌ನ ತಲೆಯಾಕಾರದ ದುಂಡು ಗುರುತು. ಟಿಕೆಟ್ ಕಾರ್ಡನ್ನೋ ಫೋನನ್ನೋ ಅದಕ್ಕೆ ಮುಟ್ಟಿಸಿದರೆ ಸುತ್ತಲಿನ ಉಂಗುರ ಹಸಿರಾಗುತ್ತದೆ. ನೀಲಿಯಾದರೆ ಏನೋ ಹೊಂದಿಲ್ಲ ಎಂದರ್ಥ: ಹೊತ್ತು ಆಗಿರುವುದಿಲ್ಲ, ಇಲ್ಲವೇ ಅಜ್ಜನ ಕಾರ್ಡನ್ನು ಅಜ್ಜಿ ಹಿಡಿದಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕಾರ್ಡನ್ನೇ ಮುಟ್ಟಿಸಬೇಕು. ಆದ್ದರಿಂದ ಸ್ಮಾರ್ಟ್‌ಫೋನ್ ಬಳಸದ ಹಿರಿಯರಿಗೆ ಪ್ಲಾಸ್ಟಿಕ್ ಕಾರ್ಡ್ ಮಾಡಿಸಿ ಕೊರಳಪಟ್ಟಿಯಲ್ಲಿ ನೇತುಹಾಕಿಬಿಡುವುದು ಒಳ್ಳೆಯದು. ಗೊತ್ತಾದ ಗಂಟೆ ಮೀರಿ ಕೆಲವು ನಿಮಿಷವಾದರೂ ಬಿಡುವುದುಂಟು, ಅದನ್ನೇ ನಂಬಿ ಐಸ್‌ಕ್ರೀಂ ಸಾಲಿನಲ್ಲಿ ನಿಲ್ಲಬೇಡಿ.

ಹಸಿರು ದೀಪ ಬಂದೊಡನೆ, ಸಾಲಿನಲ್ಲಿ ನಡೆಯುತ್ತಿರುವಾಗಲೇ, ಆ್ಯಪ್ ತೆರೆದು ಮುಂದಿನ ರೈಡನ್ನು ಬುಕ್ ಮಾಡಿ. ರೈಡ್ ಮುಗಿಸಿ ಫೋಟೊ ನೋಡಿ ಆಮೇಲೆ ಮಾಡುತ್ತೇವೆ ಎಂದರೆ ಅಷ್ಟರಲ್ಲಿ ಹೊತ್ತು ಮುಂದೆ ಜಾರಿರುತ್ತದೆ. ಆ್ಯಪ್ ದಿನವಿಡೀ ತೆರೆದಿರುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಇಲ್ಲದೆ ಹೊರಡಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾದಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ. ಮಿಂಚು ಕಂಡೊಡನೆ ಬಯಲಿನ ರೈಡುಗಳನ್ನು ನಿಲ್ಲಿಸುತ್ತಾರೆ. ಸ್ಲಿಂಕಿ ಡಾಗ್, ಮೈನ್ ಟ್ರೇನ್‌ನಂಥವನ್ನು ಈ ತಿಂಗಳುಗಳಲ್ಲಿ ಮಧ್ಯಾಹ್ನ ಒಂದರೊಳಗೆ ಮುಗಿಸಿಕೊಳ್ಳುವ ಹಾಗೆ ಬುಕಿಂಗ್ ಹೊಂದಿಸಿ. ನಿಮ್ಮ ಹೊತ್ತಿನಲ್ಲಿ ರೈಡ್ ಮುಚ್ಚಿದ್ದರೆ ಬುಕಿಂಗ್ ವ್ಯರ್ಥವಾಗುವುದಿಲ್ಲ. ಅದು ತಾನಾಗಿಯೇ ಅದೇ ದಿನ ನಂತರ ಆ ರೈಡಿಗೋ ಪಟ್ಟಿಯಲ್ಲಿರುವ ಬೇರೊಂದು ರೈಡಿಗೋ ಬಳಸಬಹುದಾದ ಪಾಸಾಗಿ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಮುಚ್ಚಿದ ಬಾಗಿಲ ಮುಂದೆ ಕೊಡೆ ಹಿಡಿದು ಕಾಯುವವರನ್ನು ಪ್ರತಿ ಮಳೆಯಲ್ಲೂ ಕಾಣಬಹುದು.

ಹಂತ 7: ಹೋಟೆಲ್ ಬಿಡುವ ದಿನ

ಈ ದಿನದ ಬೆಳಗೂ ನಿಮ್ಮದೇ ಎಂಬುದನ್ನು ಮರೆಯಬೇಡಿ. ಪೆಟ್ಟಿಗೆಗಳನ್ನು ಹಿಂದಿನ ರಾತ್ರಿಯೇ ಕಟ್ಟಿ, ಹೋಟೆಲಿನ ಸಾಮಾನು ಕೋಣೆಯಲ್ಲಿ ಒಪ್ಪಿಸಿ ರಸೀದಿ ಪಡೆದು ಪಾರ್ಕಿಗೆ ಹೊರಡಿ. ಉಳಿದುಹೋದ ಒಂದೇ ಒಂದು ರೈಡನ್ನು ಗುರಿಯಾಗಿಟ್ಟುಕೊಂಡರೆ ಹನ್ನೊಂದರ ಹೊತ್ತಿಗೆ ಹೊರಬಿದ್ದು ಮಧ್ಯಾಹ್ನದ ವಿಮಾನವನ್ನೋ ಮಗಳ ಮನೆಯ ದಾರಿಯನ್ನೋ ಹಿಡಿಯಬಹುದು. ರಸೀದಿಯನ್ನು ಪಾಸ್‌ಪೋರ್ಟ್ ಇರುವ ಚೀಲದಲ್ಲೇ ಇಟ್ಟುಕೊಂಡಿರಿ.